ಅಕ್ಕನ ಕೋಟೆಗೆ ಬೀಗ

ಮನೆಯಿಂದ,
೧೨ನೇ ತಾರೀಕು, ಸೋಮವಾರ

ಪ್ರೀತಿಯ ಅಕ್ಕಾ,

ನಿನಗೆ ಅನ್ಯಾಯವಾಗಿದೆ, ಮಾಡಿದವಳು ನಾನೇ. ಆನ್‌ಲೈನ್ ಆಟದಲ್ಲಿ ಆರು ವರ್ಷ ಕಲ್ಲಿಗೆ ಕಲ್ಲು ಜೋಡಿಸಿ ನೀನು ಕಟ್ಟಿದ ಕೋಟೆಗೆ ಶುಕ್ರವಾರ ನನ್ನ ಕೈಯಾರೆ ಬೀಗ ಹಾಕಿದೆ. ಬೈಯುವ ಮೊದಲು ಹೇಳು, ಸೊಂಟನೋವು ಹೇಗಿದೆ? ದಿನವಿಡೀ ಕ್ರೇನಿನ ಆ ಗೂಡಿನಲ್ಲಿ ಕೂರುವವಳಿಗೆ ಕಂಪನಿ ಒಂದು ಒಳ್ಳೆಯ ಕುರ್ಚಿಯನ್ನಾದರೂ ಕೊಡಬೇಡವೇ? ನೀನು ಕೇಳುವವಳಲ್ಲ. ಕಂಪನಿಯ ವಿಳಾಸ ಕಳಿಸು, ಅರ್ಜಿ ನಾನು ಬರೆಯುತ್ತೇನೆ.

ನಡೆದದ್ದು ಇಷ್ಟು. ಆಟದಲ್ಲಿ ಮೋಸ ಮಾಡುವವರನ್ನು, ಬೇರೆಯವರ ಖಾತೆಗೆ ಕನ್ನ ಹಾಕುವವರನ್ನು ಹಿಡಿಯುವುದು ನನ್ನ ಕೆಲಸ ತಾನೇ? ಗೋಡೆಯಾಚೆ ಇರುವವರನ್ನು ತೋರಿಸುವ ಕಳ್ಳ ಪ್ರೋಗ್ರಾಂ ಒಬ್ಬನ ಬಳಿ ಇದ್ದರೆ ಸಾವಿರ ಜನರ ಶ್ರಮ ಮಣ್ಣುಪಾಲು. ಆಟದಲ್ಲೇ ಸಮಾನತೆ ಇಲ್ಲದಿದ್ದರೆ ಲೋಕದಲ್ಲಿ ಎಲ್ಲಿಂದ ಬರಬೇಕು? ಅದಕ್ಕೇ ಜಗಳವಾಡಿ ಒಂದು ನಿಯಮ ತಂದೆ: ತನಿಖೆ ಮಾಡುವವರಿಗೆ ಆಟಗಾರರ ಹೆಸರಾಗಲಿ ಕೋಟೆಯಾಗಲಿ ಕಾಣಬಾರದು, ಬರೀ ಸಂಖ್ಯೆ ಕಾಣಬೇಕು. ನಮ್ಮವರೆಂದು ಯಾರನ್ನೂ ಬಿಡಬಾರದಲ್ಲ! ಶುಕ್ರವಾರ ಒಂದು ಸಂಖ್ಯೆ ಬಂತು. ಮೌಸ್ ಹಿಡಿದ ಕೈಗೆ ನಡಿಗೆಯಂತೆ ತನ್ನದೇ ಒಂದು ವರಸೆ ಇರುತ್ತದೆ. ಈ ಖಾತೆಯಲ್ಲಿ ಎರಡು ತಿಂಗಳಿಂದ ಹಲವರ ಕೈಯಾಡಿತ್ತು. ಕದ್ದ ಖಾತೆ ಎಂದು ಬರೆದು ಮುಚ್ಚಿದೆ. ಹೆಮ್ಮೆಯಿಂದ ಮನೆಗೆ ಬಂದರೆ ಅಜ್ಜ ಕಂಪ್ಯೂಟರ್ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾರೆ. "ಬಾಗಿಲು ಹಾಕ್ಬಿಟ್ಟಿದಾರಮ್ಮಾ. ನಾನು ಯಾರಿಗೂ ಹೊಡೆದಿಲ್ಲ, ಕುದುರೆಗೆ ಹುಲ್ಲು ಹಾಕ್ತಿದ್ದೆ ಅಷ್ಟೆ."

ಕಟ್ಟಡದ ಸೈಟಿನಲ್ಲಿ ನೆಟ್ ಸಿಗುವುದಿಲ್ಲ, ಒಂದು ದಿನ ಬಿಟ್ಟರೂ ಶತ್ರುಗಳು ನುಗ್ಗುತ್ತಾರೆ ಎಂದು ನೀನು ಪಾಸ್‌ವರ್ಡ್ ಕೊಟ್ಟು ಹೋಗಿದ್ದೆ. ಬೆಳಿಗ್ಗೆ ಅಜ್ಜ, ಮಧ್ಯಾಹ್ನ ಅಮ್ಮ ಪಾಳಿಯಲ್ಲಿ ಕಾದರು. ನಾವು ಮಾಡಿದರೆ ಹಂಚಿಕೆ, ಹೊರಗಿನವರು ಮಾಡಿದರೆ ಕಳ್ಳತನ ಎಂದುಕೊಂಡಿದ್ದೆ, ನಾಚಿಕೆಯಾಗುತ್ತದೆ. ಅಮ್ಮ ಸೌಟು ಹಿಡಿದೇ ಬಂದಳು: "ಕಾವಲು ಕಾದೋರೂ ನಾವೇ, ಕಳ್ಳರೂ ನಾವೇನಾ? ಆ ನ್ಯಾಯಾನ ಆಫೀಸಲ್ಲೇ ಬಿಟ್ಟು ಬರೋಕಾಗಲ್ವೇನೇ?" ಮೂರು ದಿನದಿಂದ ಅಜ್ಜನಿಗೆ ನನ್ನ ಜೊತೆ ಮಾತಿಲ್ಲ. ಕುದುರೆಗಳು ಹಸಿದಿವೆ ಎಂದು ಗೋಡೆಗೆ ಹೇಳುತ್ತಾರೆ, ನನಗೆ ಕೇಳುವಂತೆ.

ಖಾತೆಯ ಒಡತಿ ಖುದ್ದಾಗಿ ಬಂದು ವಿಚಾರಣಾ ಸಮಿತಿಯ ಮುಂದೆ ಅರ್ಧ ಗಂಟೆ ಆಡಬೇಕು. ನಿನ್ನ ಕೈವರಸೆ ಖಾತೆಯ ಹಳೆಯ ವರಸೆಗೆ ಹೊಂದಿದರೆ ಕೋಟೆ ನಿನ್ನದು, ಬಾರದಿದ್ದರೆ ಅಳಿಸಿಹಾಕುತ್ತಾರೆ. ರಜೆ ಕೇಳು. ಕೊಡದಿದ್ದರೆ ಅದು ನನ್ನ ಹಕ್ಕು ಎನ್ನು. ಕಾರ್ಮಿಕರ ಹಕ್ಕಿನ ಯಾವ ಕಿರುಹೊತ್ತಿಗೆಯ ಎಷ್ಟನೇ ಪುಟ ಎಂದು ನಾನು ತಿಳಿಸುತ್ತೇನೆ.

ಅಮ್ಮನ ಪ್ರೀತಿ, ಅಜ್ಜನ ಆಶೀರ್ವಾದ. ಆಶೀರ್ವಾದ ನಿನಗೆ ಮಾತ್ರವಂತೆ.

ನಿನ್ನ
ತಂಗಿ

ತಾ.ಕ.: ನಿಮ್ಮ ಸೈಟಿನ ಸಿಮೆಂಟ್ ಲಾರಿಯವನು ಕಾಗದಕ್ಕಾಗಿ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. 'ಎಲ್ಲಕ್ಕಿಂತ ಅಪಾಯಕಾರಿ, ಕಾರಣವಿಲ್ಲದೆ ನೆರೆಯವರ ಮೇಲೆ ನುಗ್ಗುತ್ತದೆ' ಎಂದು ಆ ಹಲವು ಕೈಗಳಲ್ಲಿ ಒಂದರ ಬಗ್ಗೆ ನನ್ನ ವರದಿಯಲ್ಲಿ ಬರೆದಿದ್ದೆ, ಆ ಕೈ ನನ್ನದೇ. ಬೀಗ ಹಾಕುವ ಮುಂಚಿನ ಭಾನುವಾರಗಳಲ್ಲಿ ಅಜ್ಜ ಮಲಗಿದಾಗ ನಾನೂ ಆಡಿದ್ದೆ. ಕಾರಣ ಇತ್ತು ಕಣೇ, ಆ ನೆರೆಯವನು ಬಡವರಿಗೆ ಸುಂಕ ಹಾಕುತ್ತಿದ್ದ. ಸಮಿತಿಯಲ್ಲಿ ನನಗೂ ಒಂದು ಕುರ್ಚಿಯಿತ್ತು, ಇವತ್ತು ಬಿಟ್ಟುಕೊಟ್ಟೆ. ನಿನ್ನ ಪಕ್ಕ ಕೂತು ಎಲ್ಲ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ. ಆದರೆ ಒಬ್ಬಳೇ ಒಳಗೆ ಹೋಗಲು ಧೈರ್ಯವಿಲ್ಲ ಅಕ್ಕಾ. ಗುರುವಾರ ಸಂಜೆ ನಾಲ್ಕಕ್ಕೆ, ನಮ್ಮ ಆಫೀಸಿನ ಗೇಟಿನ ಹತ್ತಿರ.