ಎರಡನೇ ಕೋಣೆಯ ಮಣ್ಣಿನ ಬೊಂಬೆ

ವಸ್ತುಸಂಗ್ರಹಾಲಯದ ಮೇಲಧಿಕಾರಿಗಳಿಗೆ ಎರಡನೇ ಕೋಣೆಯ ಕಾವಲುಗಾರನ ನಮಸ್ಕಾರ.

ಮೊನ್ನೆ ಒರೆಸಲು ಗಾಜಿನ ಪೆಟ್ಟಿಗೆ ತೆರೆದಿದ್ದಾಗ ಮಣ್ಣಿನ ಬೊಂಬೆಯನ್ನು ಯಾಕೆ ಎತ್ತಿಕೊಂಡೆ ಎಂದು ಕೇಳಿದ್ದೀರಿ. ಕದಿಯಲು ಅಲ್ಲ. ಕ್ಯಾಮೆರಾದಲ್ಲೇ ನೋಡಿ, ಅರ್ಧ ನಿಮಿಷ ಹೆಗಲಿಗೆ ಆನಿಸಿಕೊಂಡು ಮತ್ತೆ ಅಲ್ಲೇ ನಿಲ್ಲಿಸಿದ್ದೇನೆ.

ಆ ಕೋಣೆಯಲ್ಲಿ ಇರುವ ಮೂರ್ತಿಗಳೆಲ್ಲ ಕೈ ಎತ್ತಿದವರೇ, ದೇಶದೇಶಗಳಿಂದ ಬಂದವರು. ಒಬ್ಬ ಗೆದ್ದು ಎತ್ತಿದ್ದಾನೆ, ಒಬ್ಬ ಸೋತು ಎತ್ತಿದ್ದಾನೆ, ಕಲ್ಲಿನ ಹೆಂಗಸು ಸತ್ತವರಿಗಾಗಿ ಅಳುತ್ತ ಎತ್ತಿದ್ದಾಳೆ ಎಂದು ಚೀಟಿಗಳಲ್ಲಿ ಬರೆದಿದೆ. ಗೇಣುದ್ದದ ಈ ಬೊಂಬೆಯ ಚೀಟಿಯಲ್ಲಿ ಮಾತ್ರ ‘ಪ್ರಾರ್ಥನೆ ಇರಬಹುದು, ಖಚಿತವಿಲ್ಲ’ ಎಂದಿದೆ. ಓದಿದವರು ಬರೆದದ್ದು, ತಪ್ಪು ಎನ್ನಲು ನಾನು ಯಾರು? ಆದರೆ ಮುಖ ಮೇಲೆ ಮಾಡಿ, ಬೆರಳು ಅಗಲಿಸಿ ಹಾಗೆ ನಿಲ್ಲುವುದು ಯಾಕೆಂದು ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು.

ನನ್ನ ಮಗಳೂ ಆ ಬೆಳಿಗ್ಗೆ ಬಾಗಿಲಲ್ಲಿ ಹಾಗೇ ನಿಂತಿದ್ದಳು. ಮೈ ಸ್ವಲ್ಪ ಬೆಚ್ಚಗಿತ್ತು. “ಅಪ್ಪಾ, ಎತ್ಕೋ” ಅಂದಳು. “ಇಸ್ತ್ರಿ ಹಾಳಾಗುತ್ತೆ ಪುಟ್ಟಿ, ಸಂಜೆ ಬಂದು ಎತ್ಕೋತೀನಿ” ಅಂದೆ. ಸಂಜೆ ಎತ್ತಿಕೊಂಡೆ, ಆಸ್ಪತ್ರೆಯಲ್ಲಿ. ಅವಳ ಎರಡೂ ಕೈ ಕೆಳಗೆ ಜೋತಿದ್ದವು. ಕಳೆದ ತಿಂಗಳು ತಾವು ಹತ್ತು ದಿನ ರಜೆ ಕೊಟ್ಟದ್ದು ಅದಕ್ಕೇ.

ನನ್ನನ್ನು ಬೇರೆ ಕೋಣೆಗೆ ಹಾಕುತ್ತೀರಂತೆ. ಹಾಕಿ, ಬೇಸರವಿಲ್ಲ. ನನ್ನ ಜಾಗಕ್ಕೆ ಬರುವವರಿಗೆ ಒಂದು ಮಾತು ಹೇಳಿ: ಒರೆಸುವಾಗ ಬೊಂಬೆಯನ್ನು ತೋಳು ಹಿಡಿದು ಎತ್ತಬಾರದು, ನೋವಾಗುತ್ತದೆ. ಕಂಕುಳ ಕೆಳಗೆ ಬೆರಳು ಕೊಟ್ಟು ಎತ್ತಬೇಕು.

ಇಂತಿ ತಮ್ಮ ವಿಧೇಯ,
ಎರಡನೇ ಕೋಣೆಯವನು