ಮೂರು ಚುಕ್ಕಿಯ ಕೆಳಗಿನ ಮಬ್ಬು

ಲಕ್ಷ್ಮೀಪುರಂ, ಮೈಸೂರು
೨೩ ಫೆಬ್ರವರಿ ೧೯೫೮, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಒಬ್ಬನೇ ತಮ್ಮನೂ, ಇಂಟರ್‌ಮೀಡಿಯೆಟ್ ಪರೀಕ್ಷೆಯ ಹಳೆಯ ಗಿರಾಕಿಯೂ, ಈಚೆಗೆ ನಮ್ಮ ಮನೆಯ ತಾರಸಿಯ ಖಗೋಳ ಇಲಾಖೆಗೆ ತನ್ನನ್ನು ತಾನೇ ನೇಮಕ ಮಾಡಿಕೊಂಡವನೂ ಆದ ಶಾಮಣ್ಣ ಮಾಡುವ ನಮಸ್ಕಾರ. ಸಂಜೆಯ ಜ್ವರ ಇನ್ನೂ ಬರುತ್ತಿದೆಯೆ? ಕೆಮ್ಮು ಹೇಗಿದೆ? ಊಟ ಸೇರುತ್ತಿದೆಯೆ, ಅಥವಾ ಅಲ್ಲಿಯೂ ಮೊಸರನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ಉಂಡೆನೆಂದು ಸುಳ್ಳು ಹೇಳುತ್ತಿದ್ದೀಯೊ? ನಿನ್ನ ತೂಕ ಏರಿದೆಯೆಂದು ಡಾಕ್ಟರು ಅಪ್ಪನಿಗೆ ಬರೆದರು. ಅಮ್ಮ ಆ ಸುದ್ದಿಯನ್ನು ಬೀದಿಗೆಲ್ಲ ಹಂಚಿ ಬಂದಳು. ಕ್ಷಯ ಎಂಬ ಮಾತನ್ನು ಮಾತ್ರ ಈಗಲೂ ಬಾಯಿಗೆ ತರುವುದಿಲ್ಲ. ‘ಅಂಬುಜ ಹವಾ ಬದಲಾವಣೆಗೆ ಹೋದೋಳು ಗುಂಡುಗುಂಡಗೆ ಆಗಿದ್ದಾಳಂತೆ ಕಣ್ರೀ’ ಎಂದಷ್ಟೇ ವರದಿ. ಅಪ್ಪನ ಕಣ್ಣಿನ ಪೊರೆ ಇನ್ನೂ ಬಲಿಯಬೇಕಂತೆ. ಉಳಿದಂತೆ ಎಲ್ಲರೂ ಕ್ಷೇಮ, ನನ್ನ ಕುತ್ತಿಗೆಯೊಂದನ್ನು ಬಿಟ್ಟು. ಅದರ ಕಾರಣ ಮುಂದೆ ತಿಳಿಯುತ್ತದೆ.

ಇನ್ನು ನೀನು ನನಗೊಬ್ಬನಿಗೇ ಗುಟ್ಟಾಗಿ ಬರೆದ ಪತ್ರದ ವಿಚಾರ. ಅದನ್ನು ಯಾರಿಗೂ ತೋರಿಸಿಲ್ಲ, ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಸ್ಯಾನಟೋರಿಯಂನಲ್ಲಿ ನಿಮ್ಮ ಮಂಚಗಳನ್ನೆಲ್ಲ ತೆರೆದ ಜಗುಲಿಗೆ ಹಾಕುತ್ತಾರೆ, ಕತ್ತಲಾದರೆ ನಕ್ಷತ್ರ ನೋಡುವುದೇ ಕೆಲಸ ಎಂದಿದ್ದೆ. ಮೇಲೆ ಸಾಲಾಗಿ ಮೂರು ಚುಕ್ಕಿ, ಅವುಗಳ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು, ಆ ಸಾಲಿನ ನಡುವೆ ಹಾಲು ಚೆಲ್ಲಿ ಒರೆಸಿದ ಹಾಗೆ ಒಂದು ಮಬ್ಬು. ಪಕ್ಕದ ಮಂಚದ ಪ್ರೇಮಲೀಲಾ ಅವರು ‘ಅಲ್ಲೇನೂ ಇಲ್ವಲ್ರೀ’ ಎಂದರಂತೆ. ಇಂಜೆಕ್ಷನ್ನಿನಿಂದ ನಿಮ್ಮ ಸಾಲಿನ ಒಬ್ಬಾಕೆಗೆ ಕಿವಿ ಕೇಳದಂತಾಗಿದೆ, ನಿನಗೆ ಕಣ್ಣು ಹೋಗುತ್ತಿದೆ, ಎದೆ ಕೆಟ್ಟಿದ್ದು ಸಾಲದೆ ಕಣ್ಣನ್ನೂ ಕಳೆದುಕೊಳ್ಳಲಾರೆ, ಆದ್ದರಿಂದ ಮುಂದಿನ ತಿಂಗಳಿನಿಂದ ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ ಎಂದು ಬರೆದೆ. ಕೊನೆಗೆ, ‘ಶಾಮು, ಒಂದು ಸಲ, ಒಂದೇ ಒಂದು ಸಲ ಹುಡುಗಾಟ ಬಿಟ್ಟು ನೀನೂ ನೋಡಿ ಹೇಳು’ ಎಂದೆ. ಆ ಸಾಲನ್ನು ಓದಿದ ದಿನ ನಾನು ಹುಡುಗಾಟ ಆಡಲಿಲ್ಲ ಅಕ್ಕಾ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

ಅಂದೇ ಸಂಜೆ ತಾರಸಿ ಹತ್ತಿ ನೋಡಿದೆ. ಮಬ್ಬು ಇತ್ತು. ಆದರೆ ಇದೆ ಎಂದು ಬರೆದರೆ ನೀನು ನಂಬುತ್ತೀಯಾ? ಹೋದ ವರ್ಷ ಗಾಳಿಪಟಕ್ಕೆ ಪುಟ್ಟ ಲಾಂದ್ರ ಕಟ್ಟಿ ಹಾರಿಸಿ, ಎದುರು ಮನೆಯ ಮಂಗಳಮ್ಮನವರಿಗೆ ಧೂಮಕೇತುವಿನ ದರ್ಶನ ಮಾಡಿಸಿ, ಅವರಿಂದ ಶಾಂತಿಗೆ ತೆಂಗಿನಕಾಯಿ ಒಡೆಸಿ, ಆ ಕಾಯಿಯ ಚಟ್ನಿಯನ್ನೂ ತಿಂದವನು ನಾನು. ಕಾಲೇಜು ಲೈಬ್ರರಿಯ ಇಂಗ್ಲಿಷ್ ಪುಸ್ತಕದಲ್ಲಿ ಅದೇ ಜಾಗದಲ್ಲಿ ಒಂದು ನೀಹಾರಿಕೆ, ಅಂದರೆ ಬೆಳಗುವ ಅನಿಲದ ಮೋಡ ಇದೆ ಎಂದಿದೆ. ಅದನ್ನು ನಕಲು ಮಾಡಿ ಕಳಿಸಿದರೆ ‘ಇಂಗ್ಲಿಷ್ ಚೆನ್ನಾಗಿ ಬರೀತೀಯ ಕಣೋ’ ಎನ್ನುತ್ತೀ. ಬೇರೆ ಸಾಕ್ಷಿ ಬೇಕೆಂದು ಒಬ್ಬೊಬ್ಬರನ್ನಾಗಿ ತಾರಸಿಗೆ ಹತ್ತಿಸಿದೆ, ಕಾರಣ ಮಾತ್ರ ಹೇಳಲಿಲ್ಲ. ಅಪ್ಪ ಬಹಳ ಹೊತ್ತು ಮೇಲೆ ನೋಡಿ, ‘ನನಗೆ ಎಲ್ಲಾ ಕಡೆ ಮಬ್ಬೇ ಕಾಣತ್ತೆ ಕಣೋ, ನಿನಗೆ ಯಾವುದು ಬೇಕು?’ ಎಂದರು. ಅಮ್ಮ ತಲೆಯನ್ನೇ ಎತ್ತದೆ, ‘ಇದೆ ಕಣೋ, ಇದೆ, ನೀನು ಊಟಕ್ಕೆ ಬಾ’ ಎಂದಳು. ಮಂಗಳಮ್ಮನವರು ತಾವಾಗಿಯೇ ಬಂದು, ರಷ್ಯಾದವರು ನಾಯಿಯನ್ನು ಕೂರಿಸಿ ಹಾರಿಸಿದ ಉಪಗ್ರಹವನ್ನು ಹುಡುಕುತ್ತಿದ್ದೇನೆಂದು ತಾವೇ ತೀರ್ಮಾನಿಸಿ, ‘ಆ ನಾಯಿ ಕಾಣತ್ತೇನೋ ಶಾಮು? ಪಾಪ, ಅದಕ್ಕೆ ಅನ್ನ ಹಾಕೋರು ಯಾರೋ?’ ಎಂದು ಕಣ್ಣೊರೆಸಿಕೊಂಡರು. ಇಂಥ ಸಾಕ್ಷಿಗಳನ್ನು ಕಟ್ಟಿಕೊಂಡು ಯಾವ ಕೋರ್ಟಿಗೆ ಹೋಗಲಿ? ಆದ್ದರಿಂದ ಸುಳ್ಳು ಹೇಳದ ಒಂದೇ ಕಣ್ಣನ್ನು, ಕ್ಯಾಮೆರಾವನ್ನು, ಹಿಡಿಯುವುದೆಂದು ನಿಶ್ಚಯಿಸಿದೆ.

ನಮ್ಮ ಚಿಕ್ಕಪ್ಪನ ಮಡಚುವ ಕ್ಯಾಮೆರಾ ನೆನಪಿದೆಯಲ್ಲ, ಯಾರ ಫೋಟೋ ತೆಗೆದರೂ ತಲೆ ಕತ್ತರಿಸುವಂಥದು. ಅದೇ. ನಕ್ಷತ್ರಕ್ಕೆ ಗುಂಡಿ ಒತ್ತಿ ಮುಗಿಸುವ ಹಾಗಿಲ್ಲ, ಅಷ್ಟು ಕಡಿಮೆ ಬೆಳಕಿಗೆ ಕಾಲು ಗಂಟೆಗೂ ಹೆಚ್ಚು ಹೊತ್ತು ಕ್ಯಾಮೆರಾದ ಕಣ್ಣು ತೆರೆದೇ ಇರಬೇಕು. ಅಷ್ಟರಲ್ಲಿ ಆಕಾಶ ಪಡುವಣಕ್ಕೆ ಸರಿದುಬಿಡುತ್ತದೆ, ಚುಕ್ಕಿ ಗೆರೆಯಾಗುತ್ತದೆ. ಅದಕ್ಕೆ ಕ್ಯಾಮೆರಾವೂ ಆಕಾಶದ ಜೊತೆಗೇ ತಿರುಗಬೇಕು. ಪುಸ್ತಕದಲ್ಲಿ ಚಿತ್ರವಿತ್ತು. ಹಳೆಯ ಸೈಕಲ್ಲಿನ ಮುಂದಿನ ಚಕ್ರದ ಹಬ್ಬನ್ನು, ಅಂದರೆ ಕಡ್ಡಿಗಳೆಲ್ಲ ಕೂಡುವ ನಡುವಿನ ಗುಂಬವನ್ನು, ಮರದ ದಿಮ್ಮಿಗೆ ಓರೆಯಾಗಿ ಜಡಿದೆ, ಅದರ ಮೇಲೆ ಒಂದು ಹಲಗೆ, ಹಲಗೆಯ ತುದಿಯನ್ನು ತಳ್ಳಲು ಒಂದು ಉದ್ದನೆಯ ಬೋಲ್ಟು. ಬೋಲ್ಟನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿದರೆ ಹಲಗೆ ತಿರುಗುತ್ತದೆ, ಹಲಗೆಗೆ ಕಟ್ಟಿದ ಕ್ಯಾಮೆರಾ ತಿರುಗುತ್ತದೆ. ಕಟ್ಟಿದ್ದು ಅಪ್ಪನ ಪಂಚೆಯ ಅಂಚಿನಿಂದ. ಅವರು ಆ ಪಂಚೆಯನ್ನು ಈಗಲೂ ಹುಡುಕುತ್ತಿದ್ದಾರೆ. ಕ್ಯಾಮೆರಾದ ಕಣ್ಣು ಮುಚ್ಚಿ ತೆರೆಯಲು ಕಾಫಿಪುಡಿ ಡಬ್ಬಿಯ ಮುಚ್ಚಳ.

ಮೊದಲನೆಯ ಫಿಲ್ಮು ತೊಳೆಸಿ ತಂದರೆ ಅದರಲ್ಲಿ ನಕ್ಷತ್ರವೇ ಇಲ್ಲ, ಶ್ಯಾವಿಗೆ ಚೆಲ್ಲಿದ ಹಾಗೆ ಗೆರೆಗಳು. ಎರಡು ದಿನ ಬೋಲ್ಟನ್ನು ಬೈದೆ, ಹಬ್ಬಿಗೆ ಎಣ್ಣೆ ಬಿಟ್ಟೆ, ದಿಮ್ಮಿಯ ಕೆಳಗೆ ಇಟ್ಟಿಗೆ ಇಟ್ಟೆ, ಇಟ್ಟಿಗೆ ತೆಗೆದೆ. ಏನು ಮಾಡಿದರೂ ಏನೂ ತಿಳಿಯಲಿಲ್ಲ. ಕೊನೆಗೆ, ಹಬ್ಬು ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿರಬೇಕು ಎಂಬ ಸಾಲನ್ನು ಇನ್ನೊಮ್ಮೆ ಓದಿ, ಉತ್ತರಕ್ಕೆ ತಿರುಗಿ ಧ್ರುವನನ್ನು ಹುಡುಕಿದೆ. ಅವನು ಮಂಗಳಮ್ಮನವರ ಹೆಂಚಿನ ಮೇಲೆ, ಬೆಕ್ಕು ಕೂರುವಷ್ಟು ತಗ್ಗಿನಲ್ಲಿದ್ದ. ನನ್ನ ಹಬ್ಬು ನೋಡುತ್ತಿದ್ದುದು ಅರ್ಧ ಆಕಾಶದ ಎತ್ತರವನ್ನು! ಪುಸ್ತಕ ಅಚ್ಚಾದದ್ದು ಲಂಡನ್ನಿನಲ್ಲಿ. ಅಲ್ಲಿ ಧ್ರುವ ಎತ್ತರದವನು, ಚಿತ್ರದಲ್ಲಿದ್ದ ಓರೆ ಅಲ್ಲಿಯದು. ನಾನು ಲಕ್ಷ್ಮೀಪುರಂ ತಾರಸಿಯ ಮೇಲೆ ಕೂತು ಲಂಡನ್ನಿನ ಆಕಾಶವನ್ನು ತಿರುಗಿಸುತ್ತಿದ್ದೆ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಯಿತೆಂದು ದಿಮ್ಮಿಗೆ ಗಂಭೀರವಾಗಿ ತಿಳಿಸಿ, ಓರೆಯನ್ನು ಮೈಸೂರಿಗೆ ಇಳಿಸಿದೆ.

ಆಮೇಲೆ ಇನ್ನೊಂದು ತೊಡಕು. ಬೋಲ್ಟನ್ನು ಎಷ್ಟು ತಿರುಗಿಸಬೇಕೆಂದು ತಿಳಿಯುವುದು ಹೇಗೆ? ಅದಕ್ಕೆ ತಾತನ ಹಿತ್ತಾಳೆ ದುರ್ಬೀನನ್ನೂ ಅದೇ ಹಲಗೆಗೆ ಕಟ್ಟಿ, ಅದರಲ್ಲಿ ಒಂದು ದೊಡ್ಡ ನಕ್ಷತ್ರವನ್ನು ಕಾಯಬೇಕು. ಅದು ಸರಿಯದಂತೆ ನೋಡಿಕೊಂಡರೆ ಕ್ಯಾಮೆರಾವೂ ಸರಿಯಾಗಿ ತಿರುಗುತ್ತಿದೆ ಎಂದರ್ಥ. ಸರಿಯಿತೋ ಇಲ್ಲವೋ ಎಂದು ತಿಳಿಯಲು ದುರ್ಬೀನಿನೊಳಗೆ ಅಡ್ಡಕ್ಕೂ ಉದ್ದಕ್ಕೂ ಎರಡು ಎಳೆ ಬೇಕು. ದಾರ ಹಾಕಿದರೆ ಬಾವಿಯ ಹಗ್ಗದ ಹಾಗೆ ಕಂಡಿತು. ಜೇಡರ ಬಲೆಯ ಎಳೆಯನ್ನು ಹಿಡಿಯಲು ಹೋದರೆ ಜೇಡವೂ ಜೊತೆಗೆ ಬಂತು. ಕೊನೆಗೆ ಕನ್ನಡಿಯ ಹಲಗೆಯ ಮೇಲೆ ನಿನ್ನ ಬಾಚಣಿಗೆ ಕಂಡಿತು. ಅಮ್ಮ ಅದನ್ನು ತೊಳೆದೂ ಇಲ್ಲ, ಎತ್ತಿಟ್ಟೂ ಇಲ್ಲ. ಅದರಿಂದ ಎರಡು ಕೂದಲು ತೆಗೆದುಕೊಂಡೆ. ದುರ್ಬೀನಿನ ಕೊಳವೆ ಎಳೆದು ನಕ್ಷತ್ರವನ್ನು ಸ್ವಲ್ಪ ಮಸುಕು ಮಾಡಿ, ಅಗಲಿಸಿ, ಕೂದಲುಗಳು ಕೂಡುವಲ್ಲಿ ನಿಲ್ಲಿಸಿದರೆ, ನಾಲ್ಕು ಪಾಲು ಮಾಡಿದ ಹೋಳಿಗೆಯ ಹಾಗೆ ಕಾಣುತ್ತದೆ. ಒಂದು ಪಾಲು ದೊಡ್ಡದಾದರೆ ಬೋಲ್ಟು ತಿರುಗಿಸು. ಶಿವರಾತ್ರಿ ಕಳೆದು ಅಮಾವಾಸ್ಯೆಯ ಕತ್ತಲಿತ್ತು. ಚಾಪೆಯ ಮೇಲೆ ಅಂಗಾತ ಮಲಗಿ, ಕುತ್ತಿಗೆ ಮುರಿದುಕೊಂಡು, ನೀನು ಜಗುಲಿಯಲ್ಲಿ ಮಲಗಿ ನೋಡುವ ಅದೇ ಹೊತ್ತಿನಲ್ಲಿ ಇಲ್ಲಿ ನಾನು ನಿನ್ನ ತಲೆಕೂದಲಿಗೆ ನಕ್ಷತ್ರ ಕಟ್ಟಿ ಹಿಡಿದುಕೊಂಡಿದ್ದೆ. ಕೆಳಗಿನಿಂದ ಅಮ್ಮ ಸಾರು ಆರಿತೆಂದು ಕೂಗುತ್ತಲೇ ಇದ್ದಳು.

ಆ ಫಿಲ್ಮನ್ನು ಚಾಮಯ್ಯನವರ ಸ್ಟುಡಿಯೋಗೆ ಕೊಟ್ಟೆ. ಚಾಮಯ್ಯನವರನ್ನು ನೀನು ಮರೆತಿರಲಾರೆ. ಸಂಬಂಧಕ್ಕೆ ಕಳಿಸುವ ಫೋಟೋ ಎಂದರೆ ಮೈಸೂರಿನಲ್ಲಿ ಅವರೇ, ಸಿಡುಬಿನ ಕಲೆ ಇರುವವರನ್ನೂ ಬೆಣ್ಣೆಯ ಹಾಗೆ ಮಾಡಿ ಕಳಿಸುತ್ತಾರೆ. ನಿನ್ನ ಗಲ್ಲದ ಮಚ್ಚೆಯನ್ನು ನೆಗೆಟಿವ್‌ನಲ್ಲೇ ತಿದ್ದಿ ಮಾಯ ಮಾಡಿದ್ದರು. ಹೆಣ್ಣು ನೋಡಲು ಬಂದವರು ಫೋಟೋವನ್ನೂ ನಿನ್ನನ್ನೂ ಹತ್ತು ಸಲ ನೋಡಿ, ‘ಇದು ಫೋಟೋದಲ್ಲಿ ಇರಲಿಲ್ವಲ್ಲ’ ಎಂದಾಗ ನೀನು ತುಂಬಿದ ಸಭೆಯಲ್ಲಿ, ‘ಮಚ್ಚೆ ನನ್ನದು, ಫೋಟೋ ಚಾಮಯ್ಯನವರದು’ ಎಂದೆಯಲ್ಲ. ಆ ಸಂಬಂಧ ಅಲ್ಲಿಗೆ ಮುರಿಯಿತು, ಅಮ್ಮ ಅತ್ತಳು, ನಾನು ಉಳಿದ ಬೋಂಡವನ್ನೆಲ್ಲ ತಿಂದೆ.

ಇಷ್ಟು ತಿಳಿದೂ ನನ್ನ ಬಾಯಿ ಸುಮ್ಮನಿರಬೇಕಲ್ಲ? ಯಾರ ಫೋಟೋ ಎಂದು ಚಾಮಯ್ಯನವರು ಕೇಳಿದರು. ನಕ್ಷತ್ರಗಳದು, ಆದರೆ ಸಂಬಂಧಕ್ಕೆ ಕಳಿಸುವಂಥದು, ಸ್ವಲ್ಪ ಲಕ್ಷಣವಾಗಿ ಬರಲಿ ಎಂದು ಮುಖ ಗಂಟಿಕ್ಕಿಕೊಂಡು ಹೇಳಿದೆ. ಅವರು ಅಷ್ಟೇ ಗಂಭೀರವಾಗಿ, ‘ಆಗ್ಲಿ ಬುಡಿ ಸಾಮಿ’ ಎಂದರು. ಮೊನ್ನೆ ಪ್ರಿಂಟು ಬಂತು. ಮೂರು ಚುಕ್ಕಿ ಮುತ್ತಿನ ಹಾಗೆ ದುಂಡಗೆ. ಕೆಳಗಿನ ಸಣ್ಣ ಸಾಲೂ ಇದೆ. ಅದರ ನಡುವೆ ಬರೀ ಕಪ್ಪು. ಮಬ್ಬು ಇಲ್ಲ.

ಅಕ್ಕಾ, ಆ ಸಂಜೆ ನನಗೆ ತಲೆಬುಡ ತಿಳಿಯಲಿಲ್ಲ. ಪ್ರಿಂಟನ್ನು ಕೈಯಲ್ಲಿ ಹಿಡಿದು ತಾರಸಿಗೆ ಹೋದೆ. ಮೇಲೆ ನೋಡಿದರೆ ಇದೆ, ಕೈಯಲ್ಲಿ ನೋಡಿದರೆ ಇಲ್ಲ. ನನ್ನ ಕಣ್ಣಿಗೂ ನಿನ್ನ ಕಣ್ಣಿಗೂ ಒಂದೇ ರೋಗವೆ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂದೇ ದೋಷ ಇರಬಾರದೆಂದು ಎಲ್ಲಿದೆ? ನೀನು ಹೇಳಿದ್ದನ್ನು ಮೊದಲೇ ಓದಿದ್ದರಿಂದ, ಇಲ್ಲದ್ದು ನನಗೂ ಇದ್ದ ಹಾಗೆ ಕಂಡಿತೆ? ಪುಸ್ತಕವನ್ನು ನಂಬೋಣವೆಂದರೆ ಲಂಡನ್ನಿನ ಪುಸ್ತಕ, ಲಂಡನ್ನಿನ ಓರೆ, ಮೋಡವೂ ಲಂಡನ್ನಿಗೇ ಸೇರಿದ್ದಿರಬಹುದು. ಸುಳ್ಳು ಹೇಳದ ಕಣ್ಣು ಇಲ್ಲ ಎನ್ನುತ್ತಿದೆ. ಇದನ್ನು ನಿನಗೆ ಕಳಿಸಿದರೆ ನೀನು ಸೂಜಿ ಬಿಡುತ್ತೀ. ಕಳಿಸದೆ ಇದೆ ಎಂದು ಬರೆದರೆ ಅದು ಇನ್ನೊಂದು ಲಾಂದ್ರದ ಗಾಳಿಪಟ. ಅನ್ನ ಸೇರಲಿಲ್ಲ. ಅಮ್ಮ ಮತ್ತೆ ಹಣೆ ಮುಟ್ಟಿದಳು.

ನಿನ್ನೆ ನೆಗೆಟಿವ್ ತರಲು ಹೋದೆ. ಚಾಮಯ್ಯನವರು ಎಂದೂ ಇಲ್ಲದಷ್ಟು ಖುಷಿಯಲ್ಲಿದ್ದರು. ‘ಎಂಗೆ ಬಂದದೆ ಸಾಮಿ ಪಟ? ಹೆಣ್ಣಿನ ಕಡೇವ್ರು ಒಪ್ತಾರೆ ತಕಳಿ’ ಎಂದರು. ಚೆನ್ನಾಗಿದೆ, ಆದರೆ ನಡುವೆ ಏನೋ ಇರಬೇಕಾಗಿತ್ತು ಎಂದೆ. ಅವರು ನಕ್ಕು, ‘ಅಯ್ಯೋ, ಅದಾ? ನೆಗೆಟಿವ್ನಾಗೆ ಸಾಸಿವೆ ಕಾಳಿನಷ್ಟು ಕರೀ ಕಲೆ ಕುಂತಿತ್ತು. ನಕ್ಷತ್ರ ಅಂದ್ರೆ ಚುಕ್ಕಿ ಕಣಪ್ಪ, ಅದು ಹತ್ತಿ ಎಳೆದಂಗಿತ್ತು. ಶುಭಕಾರ್ಯಕ್ಕೆ ಓಗೋದು ಅಂದ್ರಲ್ಲ, ಕೆರೆದಾಕ್ಬುಟ್ಟೆ’ ಎಂದರು. ನಾನು ಮೇಜಿನ ಮೇಲೆ ಹತ್ತಿ ಅವರನ್ನು ಅಪ್ಪಿಕೊಂಡೆ. ಅವರು ಅಂಗಡಿಯ ಹುಡುಗಿಯನ್ನು ಕರೆದು ನೀರು ತರಿಸಿದರು.

ಇನ್ನೊಂದು ಫೋಟೋ ತೆಗೆಯೋಣವೆಂದರೆ ಚಂದ್ರ ದಿನದಿನಕ್ಕೆ ದೊಡ್ಡವನಾಗುತ್ತಿದ್ದಾನೆ, ಅವನ ಬೆಳಕಿನಲ್ಲಿ ಮಬ್ಬು ಹಿಡಿಯಲಾಗದು. ಮುಂದಿನ ಕತ್ತಲು ಬರುವಷ್ಟರಲ್ಲಿ ನಿನ್ನ ಮುಂದಿನ ತಿಂಗಳು ಬಂದಿರುತ್ತದೆ. ಆದ್ದರಿಂದ ಇದ್ದುದನ್ನೇ ಕಳಿಸುತ್ತಿದ್ದೇನೆ. ಪ್ರೇಮಲೀಲಾ ಅವರಿಗೆ ನನ್ನ ನಮಸ್ಕಾರ ಹೇಳು. ಮೂರು ಚುಕ್ಕಿಯನ್ನು ನೇರವಾಗಿ ದಿಟ್ಟಿಸದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಅವರಿಗೂ ಕಂಡೀತೆಂದು ಹೇಳು. ಅಪ್ಪ ಅಮ್ಮನ ಆಶೀರ್ವಾದ. ಮಂಗಳಮ್ಮನವರು ನಿನ್ನನ್ನೂ ನಾಯಿಯನ್ನೂ ದಿನಾ ನೆನೆಯುತ್ತಾರೆ.

ನಿನ್ನ ತುಂಟ, ಈ ಪತ್ರದ ಮಟ್ಟಿಗೆ ಸಾಧುವಾದ ತಮ್ಮ,
ಶಾಮು

ಮರೆತ ಮಾತು: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಲಕೋಟೆಯಲ್ಲಿ ಪ್ರಿಂಟಿನ ಜೊತೆ ನೆಗೆಟಿವ್ ಕೂಡ ಇದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಡಾಕ್ಟರ ಭೂತಗನ್ನಡಿ ಕೇಳಿ ತೆಗೆದುಕೊಂಡು ನೋಡು. ಮೂರು ಚುಕ್ಕಿಯ ಕೆಳಗೆ, ಸಣ್ಣ ಸಾಲಿನ ನಡುವೆ, ನೀನು ಹೇಳಿದ ಜಾಗದಲ್ಲೇ, ಚಾಕುವಿನ ಗೀರು ಕಾಣುತ್ತದೆ. ನನ್ನನ್ನು ನಂಬಬೇಡ, ಆ ಗೀರನ್ನು ನಂಬು. ನಿನ್ನ ಪತ್ರವನ್ನು ಓದದವರು, ನಿನ್ನ ಕಣ್ಣಿನ ವಿಚಾರ ಗೊತ್ತೇ ಇಲ್ಲದವರು ಕಷ್ಟಪಟ್ಟು ಕೆರೆದಿದ್ದಾರೆ. ಇಲ್ಲದ್ದನ್ನು ಯಾರು ಕೆರೆಯುತ್ತಾರೆ ಅಕ್ಕಾ? ನಿನ್ನ ಗಲ್ಲವನ್ನು ಒಮ್ಮೆ ಮುಟ್ಟಿ ನೋಡಿಕೊ. ಮಬ್ಬು ಆಕಾಶದ್ದು, ಫೋಟೋ ಚಾಮಯ್ಯನವರದು. ಇಂಜೆಕ್ಷನ್ ಬಿಡಬೇಡ.