ಹೀಟರ್ ಆರಿಸಿದ ಸಂಗೀತ ಕಛೇರಿ

ತಂಗಿ ವಾಲ್‌ಬುರ್ಗಾ,

ನೀನು ಮಣ್ಣಾಗಿ ಎರಡು ವರ್ಷವಾಯಿತು. ಆದರೂ ಈ ಸುದ್ದಿಯನ್ನು ನಿನಗೇ ಹೇಳಬೇಕು. ನಿನ್ನೆ ನಮ್ಮ ಹಳ್ಳಿಯ ಚರ್ಚಿನಲ್ಲಿ ನಿನ್ನ ಮಗಳು ರೀಕೆ ಮೂವರು ಗೆಳೆಯರೊಡನೆ ಮುನ್ನೂರು ವರ್ಷ ಹಳೆಯ ಸಂಗೀತ ನುಡಿಸಿದಳು. ಚರ್ಚಿನ ಬೀಗದ ಕೈ ನನ್ನ ಬಳಿಯೇ ಇರುವುದರಿಂದ ಬೆಳಗ್ಗೆಯೇ ಹೀಟರ್ ಹಾಕಿದ್ದೆ.

"ದೊಡ್ಡಮ್ಮಾ, ಅದನ್ನ ಆರ್ಸಿ. ಪಿಟೀಲಿಗೆ ಕಟ್ಟಿರೋದು ಹಳೇ ಕಾಲದ ಹಾಗೆ ಕುರಿ ಕರುಳಿನ ತಂತಿ, ಬಿಸಿಗೆ ಶ್ರುತಿ ನಿಲ್ಲಲ್ಲ," ಎಂದಳು.

"ಮುದುಕರೆಲ್ಲ ಚಳಿಗೆ ಸಾಯ್ಬೇಕಾ?"

"ನೀವು ಅಷ್ಟು ಸುಲಭಕ್ಕೆ ಸಾಯೋರಲ್ಲ ಅಂತಿದ್ಲು ಅಮ್ಮ."

ಆರಿಸಿದೆ. ಊರೆಲ್ಲ ಕೋಟು ತೊಟ್ಟೇ ಕೇಳಿತು. ಅವಳು ಪಿಟೀಲಿಗೆ ಗಲ್ಲ ಒತ್ತಿ ಕಣ್ಣು ಮುಚ್ಚಿದಾಗ ಅವಳಲ್ಲಿ ನನಗೆ ನೀನೇ ಕಂಡೆ. ಮುಗಿದ ಮೇಲೆ, "ಈಸ್ಟರಿಗೆ ಮನೆಗೆ ಬಾ," ಎಂದೆ.

"ಅಮ್ಮನ ಕೋಣೆ ಕೊಡ್ತೀರಾ?" ಎಂದಳು.

ನೀನು ನನ್ನೊಡನೆ ಜಗಳವಾಡಿ ಮನೆ ಬಿಟ್ಟು ಹೋದ ದಿನದಿಂದ ಮುಚ್ಚಿದ್ದ ಆ ಕೋಣೆಯನ್ನು ಇಂದು ತೆರೆದೆ. ಹಕ್ಕಿಗರಿ ತುಂಬಿದ ನಿನ್ನ ಹೊದಿಕೆಯನ್ನು ಬೀದಿ ಕಡೆಯ ಕಿಟಕಿಯ ಮೇಲೆ ಗಾಳಿಗೆ ಹರವಿದ್ದೇನೆ. ನಿನ್ನ ಕೋಣೆಗೆ ನಿನ್ನ ಮಗಳು ಬರುತ್ತಾಳೆಂದು ಊರು ನೋಡಲಿ.